ಕಣ್ಣೀರೂ ಬೇಕು, ಲೆಕ್ಕವೂ ಬೇಕು: ನಿಮ್ಮ ವಾದ ಎದುರಿನವರಿಗೆ ಮುಟ್ಟಬೇಕಾದರೆ

ಕಳೆದ ಮಳೆಗಾಲದ ಕೊನೆಗೆ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಿಂದ ನಾಲ್ಕು ಮಂದಿ ಕಲಬುರಗಿಗೆ ಬಂದು ನಮ್ಮ ಮನೆಯ ಪಡಸಾಲೆಯಲ್ಲಿ ಕೂತರು. ಕೈಯಲ್ಲಿ ಮನವಿ ಪತ್ರಗಳ ಜೆರಾಕ್ಸ್ ಪ್ರತಿ. "ಅಕ್ಕೋರ, ನೀವು ಪೋರ ಪೋರಿಯರಿಗಿ ಚರ್ಚಾಸ್ಪರ್ಧೆ ಕಲಸ್ತೀರಂತ. ಇದನ್ನ ಜರಾ ನೋಡ್ರಿ. ಎರಡು ಸಲ ಕೊಟ್ಟೀವಿ, ಯಾರೂ ಕಿವಿಗಿ ಹಾಕ್ಕೊಳ್ಳವಲ್ರು" ಅಂದರು ಅವರಲ್ಲಿ ಹಿರಿಯರು.

ಮೊದಲ ಪತ್ರ ಮೂರು ಪುಟ. ನಾವು ಬಡವರು, ನಮ್ಮನ್ನು ಕೇಳುವವರೇ ಇಲ್ಲ, ಇಷ್ಟು ವರ್ಷವಾದರೂ ಕಣ್ಣೀರಲ್ಲಿ ಕೈ ತೊಳೆಯುತ್ತಿದ್ದೇವೆ ಎಂದು ಶುರುವಾಗುತ್ತದೆ. ಓದಿದರೆ ಎದೆ ಭಾರವಾಗುತ್ತದೆ ನಿಜ. ಆದರೆ ಅವರು ಕೇಳುತ್ತಿರುವುದು ರಸ್ತೆಯನ್ನೋ ನೀರನ್ನೋ ಬಸ್ಸನ್ನೋ ಎಂಬುದು ಗೊತ್ತಾಗಬೇಕಾದರೆ ಮೂರನೇ ಪುಟದ ಕೊನೆಯ ಸಾಲಿಗೆ ಬರಬೇಕು. ಎರಡನೇ ಪತ್ರವನ್ನು ಊರಿನ ಡಿಗ್ರಿ ಓದುವ ಹುಡುಗ ಬರೆದಿದ್ದ. ಜನಸಂಖ್ಯೆ, ಮನೆಗಳ ಸಂಖ್ಯೆ, ಹೋಬಳಿಗೆ ಇರುವ ದೂರ, ಎಲ್ಲವನ್ನೂ ಕೋಷ್ಟಕ ಮಾಡಿ ಕೊಟ್ಟಿದ್ದ. ಅದರಲ್ಲಿ ತಪ್ಪೇನೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಕಚೇರಿಯಲ್ಲಿ ಎರಡೂ ಒಂದೇ ಕಟ್ಟಿಗೆ ಸೇರಿದ್ದವು.

"ಭಾವನೆ ಬದಿಗಿಟ್ಟು ತರ್ಕಬದ್ಧವಾಗಿ ಮಾತಾಡಿ" ಎಂಬ ಉಪದೇಶವನ್ನು ನಾನೂ ಹಲವು ವರ್ಷ ಮಕ್ಕಳಿಗೆ ಕೊಟ್ಟಿದ್ದೇನೆ. ಈಗ ಕೊಡುವುದಿಲ್ಲ. ಆಂಟೋನಿಯೊ ಡಮಾಸಿಯೊ ಎಂಬ ನರವಿಜ್ಞಾನಿ, ಮಿದುಳಿನ ಗಡ್ಡೆ ತೆಗೆಸಿಕೊಂಡ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾಗಿದ್ದ ಆತನ ಬುದ್ಧಿ, ನೆನಪು, ಲೆಕ್ಕ ಎಲ್ಲವೂ ನೆಟ್ಟಗಿದ್ದವು. ಭಾವನೆ ಮಾತ್ರ ಬತ್ತಿಹೋಗಿತ್ತು. ಹಾಗಾದಮೇಲೆ ಆತ ತರ್ಕದ ಹುಲಿಯಾಗಬೇಕಿತ್ತಲ್ಲ? ಸಣ್ಣ ನಿರ್ಧಾರವನ್ನೂ ಮಾಡಲಾರದೆ ಕೆಲಸ ಕಳೆದುಕೊಂಡ. ಯಾವುದು ಮುಖ್ಯ ಎಂದು ಹೇಳುವುದು ಭಾವನೆ, ಅದಕ್ಕೆ ದಾರಿ ಹುಡುಕುವುದು ತರ್ಕ. ಒಳ್ಳೆಯ ವಾದದಲ್ಲಿ ಇವೆರಡೂ ಒಂದೇ ಸಂಗತಿಯ ಮೇಲೆ ನಿಂತಿರುತ್ತವೆ. ಆ ಸಂಗತಿಯನ್ನು ಹುಡುಕುವ ಬಗೆಯನ್ನೇ ಮುಂದೆ ಹೇಳಿದ್ದೇನೆ.

ಹೆಜ್ಜೆ 1: ಏನು ಬೇಕು, ಒಂದೇ ಸಾಲಿನಲ್ಲಿ ಬರೆಯಿರಿ

ಬಂದವರಿಗೆ ಚಹಾ ಕೊಟ್ಟು ನಾನು ಕೇಳಿದ ಮೊದಲ ಪ್ರಶ್ನೆ ಇದು. ಉತ್ತರ ಬರಲು ಅರ್ಧ ತಾಸು ಹಿಡಿಯಿತು. ಒಬ್ಬರು ಬಸ್ಸು ಅಂದರು, ಇನ್ನೊಬ್ಬರು ಊರಿಗೇ ಹೈಸ್ಕೂಲು ಅಂದರು, ಮತ್ತೊಬ್ಬರು ಅಧಿಕಾರಿ ಊರಿಗೆ ಬಂದು ನೋಡಲಿ ಅಂದರು. ಮೂರೂ ನ್ಯಾಯವಾದ ಬೇಡಿಕೆಗಳೇ. ಮೂರನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಓದುವವರು ತಮಗೆ ಸುಲಭವಾದ ನಾಲ್ಕನೆಯದನ್ನು, ಅಂದರೆ ಸುಮ್ಮನಿರುವುದನ್ನು, ಆರಿಸಿಕೊಳ್ಳುತ್ತಾರೆ.

ಆ ಸಾಲಿನಲ್ಲಿ ಮೂರು ವಿಷಯ ಇರಲಿ: ಯಾರು ಮಾಡಬೇಕು, ಏನು ಮಾಡಬೇಕು, ಯಾವಾಗಿನಿಂದ. ಇಷ್ಟು ಹೇಳಲಾಗದಿದ್ದರೆ ನಿಮ್ಮ ಹತ್ತಿರ ಇರುವುದು ಸಂಕಟ, ವಾದವಿನ್ನೂ ಹುಟ್ಟಿಲ್ಲ.

ಹೆಜ್ಜೆ 2: ಸಿಟ್ಟಿನ ಬುಡಕ್ಕೆ ಹೋಗಿ

ಸಿಟ್ಟನ್ನು ಅಳಿಸಬೇಡಿ. ಅದು ಎಲ್ಲಿ ಹುಟ್ಟಿತು ಎಂದು ಕೇಳಿಕೊಳ್ಳಿ. "ನಮ್ಮನ್ನ ಯಾರೂ ಮನಷ್ಯಾರಂತ ತಿಳಿಯಂಗಿಲ್ಲ" ಎಂದು ಆ ಹಿರಿಯರು ಅಂದಾಗ ನಾನು ಕೇಳಿದೆ: "ಕಾಕಾ, ನಿಮಗ ಹಂಗ ಅನ್ನಿಸಿದ್ದು ಯಾವತ್ತು? ಅವತ್ತ ಏನಾತು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಮ್ಮಗಳ ಕಥೆ ಹೇಳಿದರು. ಹುಡುಗಿ ಹತ್ತನೇ ತರಗತಿ. ಶಾಲೆ ಆರು ಕಿಲೋಮೀಟರ್ ದೂರದ ಹೋಬಳಿಯಲ್ಲಿ. ಹತ್ತು ಗಂಟೆಗೆ ಶಾಲೆ, ಊರಿಗೆ ಬಸ್ಸು ಬರುವುದು ಹತ್ತೂ ಇಪ್ಪತ್ತಕ್ಕೆ. ಹಾಗಾಗಿ ನಡಿಗೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಮಳೆ ಬಿದ್ದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆಗೊಂದು ಸೇರು ಭಾರ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಶಾಲೆಯ ತೊಟ್ಟಿಯಲ್ಲಿ ಮೊಣಕಾಲವರೆಗೆ ತೊಳೆದುಕೊಂಡು ಒಳಗೆ ಹೋಗುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿರುತ್ತದೆ. ಹಾಜರಿ ಕೂಗುವುದು ಮೊದಲ ಪಿರಿಯಡ್‌ನಲ್ಲಿ. ಆರು ಕಿಲೋಮೀಟರ್ ನಡೆದು ಬಂದ ಹುಡುಗಿ ಪುಸ್ತಕದಲ್ಲಿ ಗೈರು.

ಅಲ್ಲಿಗೆ ನಾನು ಪೆನ್ನು ತೆಗೆದುಕೊಂಡೆ. ಮೂರು ಪುಟದ ಕಣ್ಣೀರಿನಲ್ಲೂ ಒಂದು ಪುಟದ ಕೋಷ್ಟಕದಲ್ಲೂ ಇಲ್ಲದಿದ್ದ ಸಂಗತಿ ಇದು. ಕೇಳಿದವರ ಕರುಳು ಚುರ್ ಅನ್ನುತ್ತದೆ, ಜೊತೆಗೆ ಹಾಜರಿ ಪುಸ್ತಕ ತೆರೆದು ಪರೀಕ್ಷಿಸಬಹುದು. ಶಾಲೆಗೆ ಹೋಗಿ ನೋಡಿದರೆ ಜೂನ್‌ನಿಂದ ಆಗಸ್ಟ್ ತನಕದ 75 ಶಾಲಾ ದಿನಗಳಲ್ಲಿ ಆಕೆಗೆ 22 ಗೈರು. ಹಾಜರಿ ಶೇ. 71ರ ಆಸುಪಾಸು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಬೇಕಾದದ್ದು ಶೇ. 75.

ನಿಮ್ಮ ವಿಷಯದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಹುಡುಕುವಾಗ "ಯಾವಾಗಲೂ", "ಯಾರೂ", "ಎಲ್ಲರೂ" ಎಂಬ ಪದಗಳಿಗೆ ಅಡಿಗೆರೆ ಎಳೆಯಿರಿ. ಪ್ರತಿಯೊಂದರ ಜಾಗದಲ್ಲಿ ಒಂದು ದಿನ, ಒಂದು ಹೆಸರು, ಒಂದು ಅಳತೆ ಇಡಲು ಆಗುತ್ತದೆಯೇ ನೋಡಿ. ಆಗದಿದ್ದರೆ ಆ ಸಾಲು ಹೊಡೆದುಹಾಕಿ.

ಇಡೀ ಸೀಮೆಯ ಸಿಟ್ಟನ್ನು ಹೀಗೆ ಲೆಕ್ಕಕ್ಕೆ ಇಳಿಸಿದ ಉದಾಹರಣೆ ನಮ್ಮಲ್ಲೇ ಇದೆ. ಹೈದರಾಬಾದ್ ಕರ್ನಾಟಕ ಹಿಂದುಳಿದಿದೆ ಎಂಬ ನೋವು ಇಲ್ಲಿನ ಪ್ರತಿ ಮನೆಯದೂ ಆಗಿತ್ತು. ವೈಜನಾಥ ಪಾಟೀಲರಂಥವರು ವಿಶೇಷ ಸ್ಥಾನಮಾನಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದರು. 2000ದಲ್ಲಿ ನೇಮಕವಾದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಆ ನೋವಿಗೆ ಅಳತೆಗೋಲು ಒದಗಿಸಿತು. 35 ಸೂಚಕಗಳನ್ನಿಟ್ಟು ರಾಜ್ಯದ 175 ತಾಲ್ಲೂಕುಗಳನ್ನು ಅಳೆದಾಗ 114 ಹಿಂದುಳಿದವು ಎಂದು ಕಂಡವು. ಅದರಲ್ಲಿ ಅತ್ಯಂತ ಹಿಂದುಳಿದ 39ರ ಪೈಕಿ 21 ಕಲಬುರಗಿ ವಿಭಾಗದವು. "ನಮಗೆ ಅನ್ಯಾಯವಾಗಿದೆ" ಎಂಬ ಮಾತಿಗೆ "ಹಾಗನ್ನಿಸುತ್ತದೆ ಅಷ್ಟೇ" ಎನ್ನುವ ಉತ್ತರ ಅಲ್ಲಿಂದ ಮುಂದೆ ನಡೆಯಲಿಲ್ಲ. ಒಮ್ಮೆ ದಿಲ್ಲಿಯಲ್ಲಿ ತಳ್ಳಿಹಾಕಿದ್ದ ಬೇಡಿಕೆಯೇ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ಸಂವಿಧಾನದ 371ಜೆ ವಿಧಿ ಆಯಿತು. ಬೀದಿಯ ಕೂಗು ಇಲ್ಲದಿದ್ದರೆ ವರದಿ ಕಪಾಟಿನಲ್ಲಿ ಉಳಿಯುತ್ತಿತ್ತು ಎಂದೂ ನನಗೆ ಖಾತ್ರಿಯಿದೆ.

ಹೆಜ್ಜೆ 3: ಕೊಂಡಿ ಜೋಡಿಸಿ

ನಮ್ಮ ನ್ಯಾಯಶಾಸ್ತ್ರದವರು, ಅಂದರೆ ತರ್ಕ ಕಲಿಸಿದ ಹಳಬರು, ವಾದಕ್ಕೆ ಐದು ಅಂಗ ಹೇಳಿದ್ದಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಹೆಸರು ಕೇಳಿ ಹೆದರಬೇಡಿ. ತೊಗರಿ ಹೊಲದಲ್ಲಿ ನಿಂತ ರೈತ ಇದನ್ನು ತಾನಾಗಿಯೇ ಮಾಡುತ್ತಾನೆ.

"ಈ ಹೊಲಕ್ಕ ಬೆಳೆವಿಮೆ ಸಿಗಬೇಕು." ಇದು ಪ್ರತಿಜ್ಞೆ.
"ಯಾಕಂದ್ರ ಮಳಿ ನೀರು ನಿಂತು ಬೆಳಿ ಸತ್ತದ." ಇದು ಹೇತು.
"ಎರಿ ಹೊಲದಾಗ ನೀರು ನಿಂತರ ತೊಗರಿ ಬೇರು ಕೊಳಿತದ, ಎಲ್ಲಾ ಕಡಿ ಹಂಗೇ ಆಗೂದು." ಉದಾಹರಣೆ.
"ನಮ್ಮ ಹೊಲದಾಗ ಐದು ದಿನ ನೀರು ನಿಂತಿತ್ತು, ಫೋಟೋ ನೋಡ್ರಿ." ಉಪನಯ.
"ಅದಕ್ಕ ಪರಿಹಾರ ಕೊಡ್ರಿ." ನಿಗಮನ.

ಬಹಳ ವಾದಗಳು ಮುರಿದು ಬೀಳುವುದು ಮೂರನೆಯ ಮತ್ತು ನಾಲ್ಕನೆಯ ಕೊಂಡಿಯಲ್ಲಿ. ನಾವು "ಬೆಳೆ ಹೋಗಿದೆ, ಪರಿಹಾರ ಕೊಡಿ" ಎಂದು ನೇರ ಜಿಗಿಯುತ್ತೇವೆ. ಎದುರಿನವರು "ನೆಟೆ ರೋಗದಿಂದ ಒಣಗಿರಬಹುದಲ್ಲ?" ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಅಲ್ಲಿ ಬೇಕಾದದ್ದು ದಿನಾಂಕ ಇರುವ ಫೋಟೋ. ಫಸಲ್ ಬಿಮಾದಲ್ಲಿ ಹೀಗೆ ನೀರು ನಿಂತು ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ನಾಲ್ಕನೇ ದಿನ ಎಷ್ಟು ಅತ್ತರೂ ಈ ಕೊಂಡಿ ಕೂಡಿಕೊಳ್ಳುವುದು ಕಷ್ಟ. ಆದ್ದರಿಂದ ಅಳು ಬಂದ ದಿನವೇ ಫೋಟೋ ತೆಗೆಯಿರಿ.

ಹೆಜ್ಜೆ 4: ಮೊದಲು ಒಂದು ಮುಖ, ಆಮೇಲೆ ಅಂಕಿ

2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಭಾಗವಹಿಸಿದವರಿಗೆ ತಲಾ 5 ಡಾಲರ್ ಕೊಟ್ಟು, ಆಫ್ರಿಕದ ಹಸಿವಿಗೆ ಅದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಕೆಲವರಿಗೆ ಮಾಲಿ ದೇಶದ ಏಳು ವರ್ಷದ ರೋಕಿಯಾ ಎಂಬ ಹುಡುಗಿಯ ಕಥೆ ಕೊಟ್ಟರು, ಸರಾಸರಿ 2.38 ಡಾಲರ್ ಬಂತು. ಕೆಲವರಿಗೆ ಲಕ್ಷಗಟ್ಟಲೆ ಜನರ ಅಂಕಿಸಂಖ್ಯೆ ಕೊಟ್ಟರು, 1.14 ಬಂತು. ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಎರಡೂ ಸೇರಿದರೆ ಹೆಚ್ಚು ಬರಬೇಕಿತ್ತಲ್ಲವೇ? ಬಂದದ್ದು 1.43. ಅಂಕಿಗಳು ಬಂದು ಪಕ್ಕದಲ್ಲಿ ಕೂತ ಕೂಡಲೇ ಹುಡುಗಿ ಮಸುಕಾದಳು.

ಇದರಿಂದ ಅಂಕಿ ಬೇಡವೆಂದು ತೀರ್ಮಾನಿಸಬೇಡಿ. ಜೇಬಿನಿಂದ ದಾನ ಕೊಡುವವರಿಗೆ ಮುಖ ಸಾಕು. ಕಡತಕ್ಕೆ ಸಹಿ ಹಾಕಬೇಕಾದವರು ನಾಳೆ ಮೇಲಧಿಕಾರಿಗೆ ಉತ್ತರ ಹೇಳಬೇಕು, ಅವರಿಗೆ ಅಂಕಿ ಬೇಕೇ ಬೇಕು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದಿದ್ದರೆ ಸಾಕು. ಹುಡುಗಿಯ ಕಥೆ ಪೂರ್ತಿ ಮುಗಿಯಲಿ, ಒಂದು ಸಾಲು ಖಾಲಿ ಬಿಡಿ, ಆಮೇಲೆ "ಹೀಗೆ ನಡೆಯುವ ಹೆಣ್ಣುಮಕ್ಕಳು ನಮ್ಮ ಊರಲ್ಲಿ 27" ಎಂದು ಬರೆಯಿರಿ. ಆಗ ಓದುವವರು 27 ಜೊತೆ ಚಪ್ಪಲಿಗಳನ್ನು ಕಾಣುತ್ತಾರೆ.

ಒಂದು ಎಚ್ಚರಿಕೆ. ಯಾರ ಕಥೆ ಹೇಳುತ್ತೀರೋ ಅವರನ್ನು ಕೇಳಿ ಹೇಳಿ. ಆ ಹುಡುಗಿ ಮೊದಲು ಬೇಡವೆಂದಳು, ಶಾಲೆಯಲ್ಲಿ ಗೆಳತಿಯರು ನಗುತ್ತಾರೆಂದು. ಹೆಸರು ಬರೆಯದೆ "ಹತ್ತನೇ ತರಗತಿಯ ವಿದ್ಯಾರ್ಥಿನಿ" ಎಂದಷ್ಟೇ ಬರೆಯುವುದಕ್ಕೆ ಒಪ್ಪಿದಳು. ಕರುಣೆ ಹುಟ್ಟಿಸಲು ಒಬ್ಬರ ಮಾನವನ್ನು ಖರ್ಚು ಮಾಡುವ ಹಕ್ಕು ನಮಗಿಲ್ಲ.

ಹೆಜ್ಜೆ 5: ಅವರ ಆಕ್ಷೇಪವನ್ನು ನೀವೇ ಮೊದಲು ಎತ್ತಿ

ಬಸ್ಸು ಕೇಳಿದರೆ "ಆದಾಯ ಇಲ್ಲ, ಹೊಸ ಬಸ್ಸು ಇಲ್ಲ, ಡ್ರೈವರ್ ಇಲ್ಲ" ಎಂಬ ಮೂರು ಉತ್ತರ ಬರುತ್ತದೆಂದು ಊರಿನ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಪತ್ರದಲ್ಲಿ ಆ ಮಾತೇ ಇರಲಿಲ್ಲ. ನಾವು ಕೂತು ಯೋಚಿಸಿದಾಗ ದಾರಿ ತೆರೆಯಿತು. ಹೊಸ ಬಸ್ಸೇ ಬೇಕಿಲ್ಲ, ಇರುವ ಬಸ್ಸು ಒಂದು ತಾಸು ಮುಂಚೆ ಬಂದರೆ ಸಾಕು! ಇನ್ನು ಆದಾಯ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೆಟಿನ ಹಣವನ್ನು ಸರ್ಕಾರವೇ ಸಾರಿಗೆ ನಿಗಮಗಳಿಗೆ ತುಂಬಿಕೊಡುತ್ತದೆ. 27 ಹುಡುಗಿಯರು ಹತ್ತಿದರೆ ಅದು ಖಾಲಿ ಓಡುವ ಬಸ್ಸಲ್ಲ.

ಅಂದರೆ "ನಮ್ಮನ್ನು ಯಾರೂ ಮನುಷ್ಯರೆಂದು ತಿಳಿಯುವುದಿಲ್ಲ" ಎಂದು ಶುರುವಾದದ್ದು "ಹತ್ತೂ ಇಪ್ಪತ್ತರ ಬಸ್ಸನ್ನು ಒಂಬತ್ತೂ ಇಪ್ಪತ್ತಕ್ಕೆ ಬಿಡಿ" ಎಂಬ ಸಾಲಿಗೆ ಬಂದು ನಿಂತಿತು. ಬೇಡಿಕೆ ಸಣ್ಣದಾಯಿತೆಂದು ಹಿರಿಯರಿಗೆ ಮೊದಲು ಬೇಸರವಾಯಿತು. ನನಗೆ ಮಾತ್ರ ಆ ದಿನದ ಅತಿ ದೊಡ್ಡ ಗೆಲುವು ಅದೇ ಅನ್ನಿಸಿತು.

ಹೆಜ್ಜೆ 6: ಮನೆಯೊಳಗಿನ ವಾದಕ್ಕೆ ಬೇರೆ ಹದ

ಕಚೇರಿಯಲ್ಲಿ ಗೆಲ್ಲುವ ವಿಧಾನವನ್ನು ಅಡುಗೆಮನೆಗೆ ತಂದರೆ ಸಂಬಂಧ ಕೆಡುತ್ತದೆ. ನನ್ನ ಬಳಿ ಓದಿದ ಬೀದರ್ ಕಡೆಯ ಒಬ್ಬಾಕೆಯ ತಂದೆ ತೀರಿಕೊಂಡ ಮೇಲೆ, ಹೊಲದ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕೆಂದು ತಮ್ಮ ಕೇಳಿದ. ಆಕೆ ಓದಿದವಳು, ಕಾನೂನು ಗೊತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಬರುವ ಹಕ್ಕು ಕೊಟ್ಟಿದೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. (ಹುಟ್ಟಿನಿಂದಲೇ ಪಾಲು ಎಂಬ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದ ತತ್ತ್ವವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯರ ಕಾಲದವನು, ನಮ್ಮ ಮರತೂರಿನವನೆಂದು ಇಲ್ಲಿನವರ ಹೆಮ್ಮೆ. ಆಗ ಅದು ಗಂಡುಮಕ್ಕಳ ಪಾಲಾಗಿತ್ತು.) ಆಕೆ ಫೋನಿನಲ್ಲಿ ಸೆಕ್ಷನ್ ಸಮೇತ ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದಳು. ತರ್ಕದಲ್ಲಿ ಒಂದು ಬಿರುಕಿರಲಿಲ್ಲ. ಅವನು ಫೋನ್ ಇಟ್ಟ.

ಮರುದಿನ ಅವನೇ ಫೋನ್ ಮಾಡಿ ಅಂದ: "ಅಕ್ಕಾ, ಪಾಲು ಕೇಳಿದಿ ಅಂದ್ರ ತವರಮನಿ ಬಾಗಿಲಾ ಮುಚ್ಚಿದಂಗ ನೋಡು. ಪಂಚಮಿಗಿ ಕರೀಲಿಕ್ಕ ಯಾರ್ ಬರ್ತಾರ?"

ಈ ಮಾತಿಗೆ ಕರಗದ ಹೆಣ್ಣುಮಗಳು ನಮ್ಮ ಕಡೆ ಇರಲಿಕ್ಕಿಲ್ಲ. ಆಕೆ ಅಳುತ್ತ ನನ್ನ ಬಳಿ ಬಂದಳು. ಇಂಥ ಹೊತ್ತಿನಲ್ಲಿ ಒಂದು ಪರೀಕ್ಷೆ ಮಾಡಿ: ಆ ಭಾವನೆ ಕಾರಣದ ಜೊತೆಗೆ ಬಂದಿದೆಯೋ, ಕಾರಣದ ಜಾಗದಲ್ಲಿ ಬಂದು ಕೂತಿದೆಯೋ? "ಸಾಲ ನಾನೊಬ್ಬನೇ ತೀರಿಸಿದೆ, ನನಗೆ ನೋವಾಗುತ್ತದೆ" ಅಂದರೆ ಜೊತೆಗೆ ಬಂದಿದೆ, ಅದಕ್ಕೆ ಉತ್ತರ ಕೊಡಬೇಕು. "ಪಂಚಮಿಗೆ ಕರೆಯುವುದಿಲ್ಲ" ಎಂಬುದು ಜಾಗ ಹಿಡಿದು ಕೂತಿದೆ. ಪ್ರೀತಿಯನ್ನು ಬಾಗಿಲಿಗೆ ಬೀಗವಾಗಿ ಹಾಕಿದ್ದು ಅದು.

ಆಕೆ ನನ್ನೆದುರಿಗೇ ನಾಲ್ಕೈದು ಸಲ ಹೇಳಿ ರೂಢಿ ಮಾಡಿಕೊಂಡ ಮಾತು ಹೀಗಿತ್ತು: "ತಮ್ಮಾ, ಅವ್ವನ ಔಷಧಕ್ಕ ನೀ ಒಬ್ಬಾಂವನೇ ಖರ್ಚು ಮಾಡೀದಿ, ಹೊಲದಾಗ ದುಡಿದಾಂವನೂ ನೀನೇ. ಅದು ನಂಗ ಗೊತ್ತದ, ಅದನ್ನ ಲೆಕ್ಕಕ್ಕ ಹಿಡಿಯೋಣು. ಆದ್ರ ಅಪ್ಪನ ಹೊಲದಾಗ ನಂದೂ ಪಾಲದ. ಪಂಚಮಿ ಬ್ಯಾರೆ, ಪಹಣಿ ಬ್ಯಾರೆ. ಎರಡೂ ಕೂಡಸಬ್ಯಾಡ."

ಇದರ ಕ್ರಮ ಗಮನಿಸಿ. ಮೊದಲು ಅವನ ದುಡಿಮೆಯನ್ನು ಒಪ್ಪಿದ್ದಾಳೆ, ಅದೂ ಹೆಸರಿಟ್ಟು. ನಡುವೆ ತನ್ನ ಹಕ್ಕು, ಕಾನೂನಿನ ಒಂದು ಸಂಖ್ಯೆಯೂ ಇಲ್ಲದೆ. ಕೊನೆಗೆ ಗಂಟು ಬಿಡಿಸಿದ್ದಾಳೆ. ಮನೆಯವರ ಜೊತೆ ಇದೇ ಸರಿಯಾದ ಸರದಿ ಎಂದು ನಾನು ನಂಬಿದ್ದೇನೆ. ತಾನು ಪಟ್ಟ ಕಷ್ಟ ಎದುರಿನವರಿಗೆ ಕಂಡಿದೆ ಎಂದು ಗೊತ್ತಾಗುವ ತನಕ ಯಾವ ಮನುಷ್ಯನಿಗೂ ಲೆಕ್ಕ ಕೇಳಿಸುವುದಿಲ್ಲ. ಆ ಮನೆಯ ಮಾತುಕತೆ ಇನ್ನೂ ಮುಗಿದಿಲ್ಲ. ಆಕೆ ಸಹಿ ಹಾಕಿಲ್ಲ, ಪಂಚಮಿಗೆ ಕರೆಯಲು ತಮ್ಮ ಬಂದಿದ್ದ.

ಹೆಜ್ಜೆ 7: ನಿಮ್ಮ ಮೇಲೆ ಬೀಸಿದ ಬಲೆ ಗುರುತಿಸಿ

ವಾಟ್ಸ್ಯಾಪಿನಲ್ಲಿ ಬಂದ ಸಂದೇಶ ಓದಿ ರಕ್ತ ಕುದಿದರೆ ಹತ್ತು ನಿಮಿಷ ಫೋನ್ ಮಗುಚಿಡಿ. ಆಮೇಲೆ ಮೂರು ವಿಷಯ ನೋಡಿ: ಊರು ಯಾವುದು, ದಿನ ಯಾವುದು, ಹೇಳಿದವರು ಯಾರು. ಮೂರೂ ಇಲ್ಲದೆ ಸಿಟ್ಟು ಮಾತ್ರ ಇದ್ದರೆ ನಿಮ್ಮನ್ನು ಯಾರೋ ಬಳಸುತ್ತಿದ್ದಾರೆ.

ಹಳಬರು ಮಾತಿನ ಕಾಳಗವನ್ನು ಮೂರು ಬಗೆ ಮಾಡಿದ್ದಾರೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲೇಬೇಕೆಂದು ಮಾಡುವುದು ಜಲ್ಪ, ತನ್ನದೇನನ್ನೂ ಹೇಳದೆ ಬರೀ ಎದುರಿನವನನ್ನು ಕೆಡವುವುದು ವಿತಂಡ. ವಿತಂಡವಾದಿ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: "ಹಂಗಾರ ನೀವು ಏನ್ ಮಾಡಬೇಕಂತೀರಿ?" ಉತ್ತರ ಬರದಿದ್ದರೆ ನಮಸ್ಕಾರ ಹೇಳಿ ಎದ್ದುಬಿಡಿ.

ಹೇಳುವ ದಿನ

ಪತ್ರ ಒಂದೇ ಪುಟ ಇರಲಿ. ಓದಿ ಹೇಳುವುದಾದರೆ ಮನೆಯಲ್ಲಿ ಗಟ್ಟಿಯಾಗಿ ಮೂರು ಸಲ ಓದಿಕೊಳ್ಳಿ. ಯಾವ ಸಾಲಿಗೆ ನಿಮ್ಮ ಗಂಟಲು ಕಟ್ಟುತ್ತದೋ ಅಲ್ಲಿ ಗುರುತು ಹಾಕಿ. ಆ ಸಾಲಿಗೆ ಬಂದಾಗ ನಿಲ್ಲಿ, ಉಸಿರು ತೆಗೆದುಕೊಳ್ಳಿ, ದನಿ ಏರಿಸದೆ ಓದಿ. ಕಣ್ಣು ತುಂಬಿದರೆ ತುಂಬಲಿ, ಕ್ಷಮೆ ಕೇಳಬೇಡಿ. ಒರೆಸಿಕೊಂಡು ಮುಂದಿನ ಅಂಕಿಗೆ ಹೋಗಿ. ನಮ್ಮ ಭಾಗದಲ್ಲಿ ಏಪ್ರಿಲ್, ಮೇನಲ್ಲಿ ಬಿಸಿಲಿಗಾಗಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ಆ ಎರಡು ತಿಂಗಳಾದರೆ ಬೆಳಿಗ್ಗೆಯೇ ಹೋಗಿ. ಮನವಿಗೆ ಸ್ವೀಕೃತಿ ಹಾಕಿಸಿಕೊಳ್ಳದೆ ಬರಬೇಡಿ.

ಆ ಹಳ್ಳಿಯವರು ಮೂರನೇ ಪತ್ರ ಕೊಡುವಾಗ ನಾನು ಜೊತೆಗೆ ಹೋಗಲಿಲ್ಲ, ಅವರೇ ಮಾತಾಡಬೇಕೆಂದು. ಹಿರಿಯರು ಹಾಜರಿ ಪುಸ್ತಕದ ಪ್ರತಿಯನ್ನು ಮೇಜಿನ ಮೇಲೆ ಇಟ್ಟು, 22 ಗೈರುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರಂತೆ. ಹದಿನೈದಕ್ಕೆ ಬರುವಷ್ಟರಲ್ಲಿ ಅಧಿಕಾರಿ ಸಾಕೆಂದು ಕೈ ಹಿಡಿದರಂತೆ. ಮೂರು ವಾರದ ಮೇಲೆ ಬೆಳಗಿನ ಬಸ್ಸಿನ ಸಮಯ ಬದಲಾಯಿತು.

ಸಂಜೆಯದು ಬದಲಾಗಿಲ್ಲ. ಮೊನ್ನೆ ಅವರು ನಾಲ್ಕನೇ ಪತ್ರದ ಕರಡು ಕಳಿಸಿದ್ದರು. ಈ ಸಲ ಬರೆದವಳು ಆ ಹುಡುಗಿಯೇ. ನಾನು ತಿದ್ದುವಂಥದ್ದೇನೂ ಇರಲಿಲ್ಲ. ಮೊದಲ ಸಾಲು ಹೀಗಿದೆ: "ನಮ್ಮ ಶಾಲೆ 4.30ಕ್ಕೆ ಬಿಡುತ್ತದೆ, ಬಸ್ಸು 6.10ಕ್ಕೆ ಬರುತ್ತದೆ, ನವೆಂಬರಿನಲ್ಲಿ ಅಷ್ಟೊತ್ತಿಗೆ ಕತ್ತಲಾಗಿರುತ್ತದೆ."